ಫಾರ್ಮ್ಯಾಟ್ ಮಾಡುವ ಮೊದಲು ಹಳೆಯ ಡಿಸ್ಕಿನ ಪ್ರತಿ ತೆಗೆಯಿರಿ

ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಮಂಗಳೂರು, ಉಡುಪಿಯ ಪ್ರೆಸ್ಸು, ಡಿಟಿಪಿ ಅಂಗಡಿ, ಸಹಕಾರಿ ಸಂಘ, ಶಾಲೆಗಳು ಈಗ ಹಳೆಯ ಕಂಪ್ಯೂಟರ್ ಬದಲಿಸುತ್ತಿವೆ. ಎಲ್ಲರಿಗೂ ಸಿಗುವ ಸಲಹೆ ಒಂದೇ: ಡೇಟಾ ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಹಳೆಯದನ್ನು ಫಾರ್ಮ್ಯಾಟ್ ಮಾಡಿ ಕೊಡಿ, ಹೊಸದರಲ್ಲಿ ಎಲ್ಲವನ್ನೂ ಮತ್ತೆ ಹಾಕಿಸಿ. ಫೋಟೊ, ಹಾಡು ಬಿಟ್ಟರೆ ಬೇರೇನೂ ಇಲ್ಲದ ಮನೆಯ ಕಂಪ್ಯೂಟರಿಗೆ ಇಷ್ಟು ಸಾಕು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ ಮಾಡುವ ಅಂಗಡಿಗೆ ಸಾಲದು. ಅಲ್ಲಿ ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪಿಂಗಿನ ನುಡಿ, ಹತ್ತಾರು ಹಳೆಯ ಫಾಂಟು, ಪ್ರಿಂಟರಿನ ಸೆಟ್ಟಿಂಗ್ ಎಲ್ಲ ಒಂದಕ್ಕೊಂದು ಹೊಂದಿಕೊಂಡಿರುತ್ತವೆ. ಯುನಿಕೋಡ್ ಅಲ್ಲದ ಹಳೆಯ ಫೈಲಿಗೆ ಅದರದೇ ಫಾಂಟ್ ಸಿಗದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಸೀಡಿ, ಕೀ ಎರಡೂ ಎಂದೋ ಕಳೆದುಹೋಗಿರುತ್ತವೆ. ಇಂಥ ಕಡೆ ಇದ್ದ ವಿಂಡೋಸನ್ನೇ ಇಡಿಯಾಗಿ ಹೊಸ ಯಂತ್ರಕ್ಕೆ ತರಲು ಸಾಧ್ಯವಿದೆ. ಹಳೆಯ ಡಿಸ್ಕ್ ಉಳಿದಿದ್ದರೆ ಮಾತ್ರ.

ಮೊದಲು ಹಳೆಯ ಯಂತ್ರದಲ್ಲಿ ಯಂತ್ರದ ವಿವರ ತೋರಿಸುವ ಎಂಎಸ್‌ಇನ್‌ಫೋ32 ತೆರೆದು ಎರಡು ಸಾಲು ಬರೆದುಕೊಳ್ಳಬೇಕು. ಬಯಾಸ್ ಮೋಡ್ ಎಂಬಲ್ಲಿ ಲೆಗಸಿ (ಹಳೆಯ ಬೂಟ್ ವಿಧಾನ) ಎಂದಿದೆಯೋ ಯುಇಎಫ್‌ಐ (ಹೊಸ ವಿಧಾನ) ಎಂದಿದೆಯೋ, ಸಿಸ್ಟಮ್ ಟೈಪ್ ಎಂಬಲ್ಲಿ ಎಕ್ಸ್64 (64 ಬಿಟ್) ಇದೆಯೋ ಎಕ್ಸ್86 (32 ಬಿಟ್) ಇದೆಯೋ. ಮುಂದಿನ ದಾರಿಯೆಲ್ಲ ಈ ಎರಡು ಸಾಲಿನ ಮೇಲೆ ನಿಂತಿದೆ.

ಆಮೇಲೆ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ ಪೆಂಡಿಂಗ್ ಸೆಕ್ಟರ್ (ಓದಲು ತೊಡಕಾಗುತ್ತಿರುವ ಭಾಗ) ಸೊನ್ನೆಗಿಂತ ಹೆಚ್ಚಿದ್ದರೆ ಚೆಕ್‌ಡಿಸ್ಕ್ ಓಡಿಸಬೇಡಿ, ಸಾಯುತ್ತಿರುವ ಡಿಸ್ಕನ್ನು ಅದು ಇನ್ನಷ್ಟು ದುಡಿಸುತ್ತದೆ. ಲಿನಕ್ಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂ ಬಳಸಿ ಓದಲು ಬರುವಷ್ಟನ್ನು ಮೊದಲು ಬೇರೆ ಡಿಸ್ಕಿಗೆ ಇಳಿಸಿ. ಮಲ್ಪೆ, ಸುರತ್ಕಲ್‌ನಂತಹ ಕಡಲಬದಿಯ ಯಂತ್ರಗಳಲ್ಲಿ ಉಪ್ಪುಗಾಳಿಗೆ ಸಾಟಾ ಕೇಬಲಿನ ಪಿನ್ನು, ರ‍್ಯಾಮಿನ ಕಾಲುಗಳಿಗೆ ಕಿಲುಬು ಹಿಡಿದು, ಡಿಸ್ಕೇ ಹಾಳಾದಂತೆ ಕಾಣುವುದೂ ಉಂಟು. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸ ಕೇಬಲ್ ಹಾಕಿ ಮತ್ತೊಮ್ಮೆ ನೋಡಿದ ಮೇಲೆಯೇ ಡಿಸ್ಕ್ ಹೋಯಿತೆಂದು ತೀರ್ಮಾನಿಸಬೇಕು.

ಪ್ರತಿ ತೆಗೆಯುವ ಮುಂಚೆ ಹಳೆಯ ವಿಂಡೋಸಿನಲ್ಲಿ ಮಾಡಬೇಕಾದ ಮೂರು ಕೆಲಸಗಳಿವೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದನ್ನು ಪೂರ್ತಿ ತೆಗೆದು, ಡಿಕ್ರಿಪ್ಷನ್ ಮುಗಿಯುವವರೆಗೆ ಕಾಯಬೇಕು. ಅದರ ಕೀ ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿಕೊಂಡಿರುವುದರಿಂದ ಹೊಸ ಯಂತ್ರ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅಷ್ಟರಲ್ಲಿ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗಿದ್ದು, ಕೀ ಎಲ್ಲೂ ಬರೆದಿಟ್ಟಿಲ್ಲವಾದರೆ ಆ ಡೇಟಾ ಯಾರಿಗೂ ಸಿಗದು. ಎರಡನೆಯದು, ಪವರ್‌ಸಿಎಫ್‌ಜಿ ಆಜ್ಞೆಯಿಂದ ಹೈಬರ್ನೇಷನ್ ಆಫ್ ಮಾಡುವುದು. ಇಲ್ಲವಾದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ. ಮೂರನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ: ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ, ಮತ್ತೆ ಚಾಲೂ ಮಾಡದೆ ಬಂದ್ ಮಾಡುವುದು. ಹಳೆಯ ವಿಂಡೋಸಿಗೆ ಹೊಸ ಬೋರ್ಡಿನ ಡಿಸ್ಕ್ ಕಂಟ್ರೋಲರಿನ ಪರಿಚಯವಿರುವುದಿಲ್ಲ. ಆಗ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂಬ ನೀಲಿ ಪರದೆ ಬರುತ್ತದೆ. ಸೇಫ್ ಮೋಡಿನಲ್ಲಿ ಒಮ್ಮೆ ಎದ್ದರೆ ಬೇಕಾದ ಡ್ರೈವರ್ ತಾನೇ ಸೇರಿಕೊಳ್ಳುತ್ತದೆ, ಆಮೇಲೆ ಟಿಕ್ ತೆಗೆಯಬಹುದು. ಸೇಫ್ ಮೋಡಿನಲ್ಲಿ ಪಿನ್ ನಡೆಯದೇ ಹೋಗಬಹುದು, ಪಾಸ್‌ವರ್ಡ್ ಕೈಯಲ್ಲಿರಲಿ.

ಪ್ರತಿ ತೆಗೆಯಲು ಉಚಿತವಾದ ಕ್ಲೋನ್‌ಝಿಲ್ಲಾ ಸಾಕು. ಹೊಸ ಡಿಸ್ಕ್ ಹಳೆಯದಕ್ಕಿಂತ ಸ್ವಲ್ಪ ಚಿಕ್ಕದಾದರೂ ಅದು ಒಪ್ಪುವುದಿಲ್ಲ. 500 ಜಿಬಿಯಿಂದ 480 ಜಿಬಿಯ ಎಸ್‌ಎಸ್‌ಡಿಗೆ ಎಂದು ಹೊರಟವರು ಅಲ್ಲೇ ನಿಲ್ಲುತ್ತಾರೆ. 500 ಜಿಬಿ ಪೂರ್ತಿ ನಕಲಾಗಲು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಸುಮಾರು ಒಂದೂವರೆ ಗಂಟೆ ಬೇಕು, ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ನಾಲ್ಕು ಗಂಟೆಗೂ ಹೆಚ್ಚು. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳ ಸಂಜೆಗಳು ಸಿಡಿಲಿನವು, ಆ ಹೊತ್ತಿಗೆ ಈ ಕೆಲಸ ಹಿಡಿಯಬಾರದು. ಬೆಳಿಗ್ಗೆ, ಯುಪಿಎಸ್ ಮೇಲೆ ಮಾಡಿ.

ಇನ್ನು ಬೂಟ್ ಆಗುವ ವಿಚಾರ. ಈಚಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಲೆಗಸಿ ಬೂಟ್ ಇಲ್ಲ. ಹಳೆಯದು 64 ಬಿಟ್ ವಿಂಡೋಸ್ 10 ಆಗಿದ್ದು ಲೆಗಸಿ ಮೋಡಿನಲ್ಲಿದ್ದರೆ ಎಂಬಿಆರ್2ಜಿಪಿಟಿ ಎಂಬ ಆಜ್ಞೆ ಡೇಟಾ ಅಳಿಸದೆ ಡಿಸ್ಕನ್ನು ಯುಇಎಫ್‌ಐಗೆ ಬೇಕಾದ ಜಿಪಿಟಿ ವಿನ್ಯಾಸಕ್ಕೆ ಬದಲಿಸುತ್ತದೆ. 1703 ಆವೃತ್ತಿಯಿಂದ ಇದು ವಿಂಡೋಸಿನೊಳಗೇ ಇದೆ. ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ ಅಥವಾ ಡಿ, ಇ ಡ್ರೈವುಗಳು ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನೊಳಗಿದ್ದರೆ ಕೆಲಸ ಮಾಡುವುದಿಲ್ಲ. ನಮ್ಮ ಕಡೆಯ ಅಸೆಂಬಲ್ ಮಾಡಿದ ಯಂತ್ರಗಳಲ್ಲಿ ಈ ಎರಡನೆಯದೇ ಸಾಮಾನ್ಯ. ಮೂಲ ಡಿಸ್ಕನ್ನು ಮುಟ್ಟದೆ ಪ್ರತಿಯ ಮೇಲೆ ಮಾತ್ರ ಇದನ್ನು ಪ್ರಯೋಗಿಸಿ. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ಡಿಸ್ಕೇ ಕಾಣದಿದ್ದರೆ ಬಯಾಸಿನಲ್ಲಿ ವಿಎಂಡಿ ಎಂಬ ಡಿಸ್ಕ್ ಕಂಟ್ರೋಲರ್ ಆಯ್ಕೆಯನ್ನು ಆಫ್ ಮಾಡಿ ನೋಡಿ.

ಪೇಜ್‌ಮೇಕರ್ ನೆಚ್ಚಿಕೊಂಡ ಅಂಗಡಿಗಳಲ್ಲಿ ಇನ್ನೂ ಇರುವುದು ಹೆಚ್ಚಾಗಿ 32 ಬಿಟ್ ವಿಂಡೋಸ್ 7. ಇದು 64 ಬಿಟ್ ಯುಇಎಫ್‌ಐ ಯಂತ್ರದಲ್ಲಿ ಏಳುವುದೇ ಇಲ್ಲ, ಈಚಿನ ಎನ್‌ವಿಎಂಇ ಮಾದರಿಯ ಎಸ್‌ಎಸ್‌ಡಿಯೂ ಅದಕ್ಕೆ ತಿಳಿಯದು. ಇಲ್ಲಿ ನಮ್ಮ ಖಚಿತ ಅಭಿಪ್ರಾಯ: ಡಿಸ್ಕನ್ನು ನೇರವಾಗಿ ಬೂಟ್ ಮಾಡಿಸಲು ಗುದ್ದಾಡುವ ಬದಲು ಆ ವಿಂಡೋಸನ್ನು ವರ್ಚುವಲ್ ಮಷೀನ್ (ಹೊಸ ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಮಿನಂತೆ ಓಡುವ ಕಂಪ್ಯೂಟರ್) ಮಾಡಿಬಿಡಿ. ಮೈಕ್ರೋಸಾಫ್ಟಿನದೇ ಉಚಿತ ಡಿಸ್ಕ್2ವಿಎಚ್‌ಡಿ ಹಳೆಯ ಯಂತ್ರ ಓಡುತ್ತಿರುವಾಗಲೇ ಇಡೀ ಡಿಸ್ಕನ್ನು ಒಂದು ಫೈಲಾಗಿ ಬರೆಯುತ್ತದೆ. ಅದರಲ್ಲಿ ವಿಎಚ್‌ಡಿಎಕ್ಸ್ ಟಿಕ್ ತೆಗೆದು ವಿಎಚ್‌ಡಿಯಾಗಿ ಉಳಿಸಿ. ಹೊಸ ಯಂತ್ರದ ಬಯಾಸಿನಲ್ಲಿ ವರ್ಚುವಲೈಸೇಷನ್ ಆನ್ ಮಾಡಿ, ಅದನ್ನು ಓಡಿಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸಿನಲ್ಲಿ ವಿಂಡೋಸ್ 7, 32 ಬಿಟ್ ಎಂದು ಹೊಸ ಮಷೀನ್ ಮಾಡಿ, 2 ಜಿಬಿ ರ‍್ಯಾಮ್ ಕೊಟ್ಟು, ಆ ಫೈಲನ್ನು ಜೋಡಿಸಿ. ಹಳೆಯ ಬೋರ್ಡಿನಲ್ಲಿ ಡಿಸ್ಕ್ ಐಡಿಇ ಎಂಬ ಹಳೆಯ ಮೋಡಿನಲ್ಲಿದ್ದರೆ ಇಲ್ಲಿಯೂ ಐಡಿಇ ಕಂಟ್ರೋಲರಿಗೇ ಜೋಡಿಸಬೇಕು, ಸಾಟಾಕ್ಕೆ ಹಾಕಿದರೆ ಮತ್ತೆ ಅದೇ ನೀಲಿ ಪರದೆ. ನೆಟ್‌ವರ್ಕ್ ಅಡಾಪ್ಟರ್ ತೆಗೆದುಬಿಡಿ. ಭದ್ರತಾ ಅಪ್‌ಡೇಟ್ ನಿಂತುಹೋದ ವಿಂಡೋಸಿಗೆ ಇಂಟರ್‌ನೆಟ್ ಬೇಡ, ಫೈಲುಗಳು ಶೇರ್ಡ್ ಫೋಲ್ಡರಿನ ಮೂಲಕ ಬರಲಿ, ಹೋಗಲಿ. ಡಾಂಗಲ್ (ಲೈಸೆನ್ಸಿನ ಯುಎಸ್‌ಬಿ ಕೀಲಿ) ಕೇಳುವ ಲಿಪಿ ತಂತ್ರಾಂಶವಿದ್ದರೆ ಯುಎಸ್‌ಬಿ ಪಟ್ಟಿಯಲ್ಲಿ ಅದನ್ನು ಒಳಗೆ ಬಿಟ್ಟುಕೊಡಬೇಕು. ಹೊಸ ಯಂತ್ರಕ್ಕೆ 8 ಜಿಬಿ ರ‍್ಯಾಮ್ ಕನಿಷ್ಠ, 16 ಇದ್ದರೆ ಒಳ್ಳೆಯದು.

ಸಹಕಾರಿ ಸಂಘಗಳ ಹಳೆಯ ಡಾಸ್ ಪ್ರೋಗ್ರಾಮುಗಳಿಗೂ ಇದೇ ದಾರಿ, 64 ಬಿಟ್ ವಿಂಡೋಸ್ ಅವುಗಳನ್ನು ತೆರೆಯುವುದೇ ಇಲ್ಲ. ಟ್ಯಾಲಿ ಇದ್ದರೆ ಹಳೆಯ ಯಂತ್ರದಲ್ಲಿ ಮೊದಲು ಲೈಸೆನ್ಸ್ ಸರೆಂಡರ್ ಮಾಡಿ, ಆಮೇಲೆ ಹೊಸದರಲ್ಲಿ ಆಕ್ಟಿವೇಟ್ ಮಾಡಿ.

ಲಿನಕ್ಸ್ ಇರುವ ಶಾಲೆಗಳಿಗೆ ಇಷ್ಟು ಕಷ್ಟವಿಲ್ಲ. ಉಬುಂಟು ಡಿಸ್ಕ್ ತೆಗೆದು ಹೊಸ ಯಂತ್ರಕ್ಕೆ ಹಾಕಿದರೆ ಸಾಮಾನ್ಯವಾಗಿ ಏಳುತ್ತದೆ. ಏಳದಿದ್ದರೆ ಹೆಚ್ಚಿನ ಸಲ ಕಾರಣ ಒಂದೇ: ಬೂಟ್ ನಮೂದು ಡಿಸ್ಕಿನಲ್ಲಿರದೆ ಹಳೆಯ ಮದರ್‌ಬೋರ್ಡಿನಲ್ಲೇ ಉಳಿದಿರುತ್ತದೆ. ಲೈವ್ ಪೆನ್‌ಡ್ರೈವಿನಿಂದ ಗ್ರಬ್ ಎಂಬ ಬೂಟ್ ಲೋಡರ್ ಮತ್ತೆ ಹಾಕಿದರೆ ಸರಿಹೋಗುತ್ತದೆ.

ವಿಂಡೋಸ್ ಲೈಸೆನ್ಸಿನ ಬಗ್ಗೆ ಮಾರುವವರು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ಎಸ್‌ಎಲ್‌ಎಂಜಿಆರ್ ಆಜ್ಞೆಗೆ ಡಿಎಲ್‌ಐ ಸೇರಿಸಿದರೆ ರಿಟೇಲೋ (ಬಿಡಿಯಾಗಿ ಕೊಂಡದ್ದು) ಒಇಎಂಒ (ಯಂತ್ರದ ಜೊತೆಗೇ ಬಂದದ್ದು) ತಿಳಿಯುತ್ತದೆ. ರಿಟೇಲ್ ಆಗಿದ್ದರೆ ಹೊಸ ಯಂತ್ರಕ್ಕೆ ಒಯ್ಯಬಹುದು. ಒಇಎಂ ಹಳೆಯ ಬೋರ್ಡಿನೊಂದಿಗೇ ಮುಗಿಯಿತು, ಹೊಸದಕ್ಕೆ ಹೊಸ ಲೈಸೆನ್ಸ್ ಬೇಕು.

ಎರಡೂ ಜಿಲ್ಲೆಗಳ ಕಂಪ್ಯೂಟರ್ ಮಾರಾಟಗಾರರಲ್ಲಿ ನಮ್ಮ ವಿನಂತಿ: ಎಕ್ಸ್‌ಚೇಂಜಿಗೆ ಬಂದ ಯಂತ್ರದ ಡಿಸ್ಕನ್ನು ಬಿಚ್ಚಿ ಗಿರಾಕಿಯ ಕೈಗೇ ಕೊಡಿ, ಕೊಟ್ಟದ್ದನ್ನು ಬಿಲ್ಲಿನಲ್ಲಿ ಬರೆಯಿರಿ. ಕೊಳ್ಳುವವರು ಅದನ್ನು ಸಿಲಿಕಾ ಜೆಲ್ ಚೀಲದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಒಂದು ಮಳೆಗಾಲ ಕಳೆಯುವವರೆಗಾದರೂ ಅಳಿಸದೆ ಉಳಿಸಿಕೊಳ್ಳಿ. ಮೂಲ ಡಿಸ್ಕು, ಪ್ರತಿ ಎರಡನ್ನೂ ಒಂದೇ ಯಂತ್ರಕ್ಕೆ ಒಟ್ಟಿಗೆ ಜೋಡಿಸಿ ಬೂಟ್ ಮಾಡಬೇಡಿ. ಎರಡಕ್ಕೂ ಒಂದೇ ಡಿಸ್ಕ್ ಸಿಗ್ನೇಚರ್ (ಗುರುತು ಸಂಖ್ಯೆ) ಇರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ.

— ಕಂಪ್ಯೂಟರ್ ದುರಸ್ತಿ ತಂತ್ರಜ್ಞರು, ಉಡುಪಿ