ಹೆದರಿದವರು ಬರೆದ ಕಾಗದಗಳು

ಸಾಗರ

ಚಿ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ದೆವ್ವದ ಕಥೆಗಳ ಪುಸ್ತಕ ಓದಿದವರು ನಿನಗೆ ಬರೆದ ಕಾಗದಗಳ ಕಟ್ಟು ತಲುಪಿತು. ಮೆಸೇಜುಗಳನ್ನೂ ಪ್ರಿಂಟು ಹಾಕಿಸಿ ಕಳಿಸಿದ್ದು ಒಳ್ಳೆಯದಾಯಿತು, ಫೋನಿನಲ್ಲಿ ಅಷ್ಟುದ್ದ ಓದಲು ನನ್ನ ಕಣ್ಣು ಒಪ್ಪುವುದಿಲ್ಲ. ಕಾಗದಗಳನ್ನು ಓದಿ ಖುಷಿಯಾಯಿತು. ಆದರೆ ಜೊತೆಗೆ ನೀನಿಟ್ಟ ಚೀಟಿ ಓದಿ ಸಿಟ್ಟು ಬಂತು. ಒಬ್ಬೊಬ್ಬರಿಗೂ ಉತ್ತರ ಬರೆಯುತ್ತಿದ್ದೀಯಂತೆ, ಕಥೆಯ ಅರ್ಥ ಬಿಡಿಸಿ ಹೇಳುತ್ತಿದ್ದೀಯಂತೆ, ಸಾಲದ್ದಕ್ಕೆ ಎರಡನೇ ಮುದ್ರಣಕ್ಕೆಂದು ನಾಲ್ಕು ಕಥೆ ತಿದ್ದಲು ಕೂತಿದ್ದೀಯಂತೆ. ಮೊದಲು ಪೆನ್ನು ಕೆಳಗಿಡು ಮಾರಾಯ್ತಿ.

ಲೈಬ್ರರಿಯಲ್ಲಿ ಕೆಲಸ ಮಾಡಿದವಳು ನಾನು. ಪುಸ್ತಕ ಬರೆದವರಿಗಿಂತ ಓದಿದವರನ್ನೇ ಹೆಚ್ಚು ನೋಡಿದ್ದೇನೆ. ದೆವ್ವದ ಕಥೆಗಳ ಪುಸ್ತಕ ಒಯ್ದವರದ್ದು ಒಂದು ವಿಚಿತ್ರ ಜಾತಿ. ಕಾದಂಬರಿ ಒಯ್ದವರು ಹದಿನೈದು ದಿನ ಕಳೆದರೂ ತರುವುದಿಲ್ಲ. ಇವರು ಮರುದಿನ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. "ಮನೇಲಿ ಇಟ್ಕೊಳ್ಳೋಕೆ ಆಗಲ್ಲ ಮೇಡಂ" ಎಂದು ಟೇಬಲ್ ಮೇಲಿಟ್ಟು, ಅದೇ ಉಸಿರಿನಲ್ಲಿ "ಇಂಥದ್ದು ಇನ್ನೊಂದಿದೆಯಾ?" ಎಂದು ಕೇಳುತ್ತಿದ್ದರು. ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ "ರಾತ್ರಿ ಓದಬೇಡಿ" ಎಂದು ಬರೆದವನ ಕೆಳಗೆ ಇನ್ನೊಬ್ಬ "ನಾನು ಓದಿದೆ, ಏನೂ ಆಗಲಿಲ್ಲ" ಎಂದು ಬರೆದಿರುತ್ತಿದ್ದ. ನಿನಗೆ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಈ ಇಬ್ಬರದ್ದೇ. ಅವರು ಮಾತಾಡುತ್ತಿರುವುದು ತಮ್ಮ ತಮ್ಮೊಳಗೆ. ನಡುವೆ ನೀನು ಹೋಗಿ ಕೂರಬೇಕಾಗಿಲ್ಲ.

ನಿನಗಿಂತ ಬಹಳ ಹೆಚ್ಚು ಕಾಗದ ತಿಂದವಳೊಬ್ಬಳ ಕಥೆ ಹೇಳುತ್ತೇನೆ, ಸಮಾಧಾನಕ್ಕಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಒಂದು ಹಳ್ಳಿಯಲ್ಲಿದ್ದ ಶರ್ಲಿ ಜಾಕ್ಸನ್. 'ದಿ ನ್ಯೂಯಾರ್ಕರ್' ಪತ್ರಿಕೆಯ 1948ರ ಜೂನ್ 26ರ ಸಂಚಿಕೆಯಲ್ಲಿ ಅವಳ 'ದಿ ಲಾಟರಿ' ಬಂತು. ಬೇಸಿಗೆಯ ಒಂದು ಬೆಳಿಗ್ಗೆ ಊರವರೆಲ್ಲ ಸೇರಿ ಹಳೇ ಕರಿ ಪೆಟ್ಟಿಗೆಯಿಂದ ಚೀಟಿ ಎತ್ತುತ್ತಾರೆ, ಗುರುತಿದ್ದ ಚೀಟಿ ಬಂದವಳನ್ನು ಕಲ್ಲು ಹೊಡೆದು ಕೊಲ್ಲುತ್ತಾರೆ. ಅಷ್ಟೇ ಕಥೆ. ದೆವ್ವವಿಲ್ಲ, ಕತ್ತಲೆಯಿಲ್ಲ. ಆ ಬೇಸಿಗೆಯಲ್ಲಿ ಅವಳಿಗೆ ಮುನ್ನೂರಕ್ಕೂ ಹೆಚ್ಚು ಕಾಗದ ಬಂದವು. ಅವುಗಳಲ್ಲಿ ಒಳ್ಳೆಯ ಮಾತಾಡಿದವು ಹದಿಮೂರೇ, ಅವೂ ಹೆಚ್ಚಿನವು ಸ್ನೇಹಿತರದ್ದು ಎಂದು ಆಮೇಲೆ ಒಂದು ಭಾಷಣದಲ್ಲಿ ಹೇಳಿಕೊಂಡಳು. ಊರಿನ ಪೋಸ್ಟಾಫೀಸಿನಲ್ಲಿ ಇದ್ದುದರಲ್ಲೇ ದೊಡ್ಡ ಪೆಟ್ಟಿಗೆ ಹಿಡಿಯಬೇಕಾಯಿತು, ಪೋಸ್ಟ್‌ಮಾಸ್ಟರು ಮಾತು ಬಿಟ್ಟಿದ್ದ. ಹೆತ್ತ ತಾಯಿಯೇ, ಆ ಕಥೆ ನನಗೂ ನಿನ್ನ ಅಪ್ಪನಿಗೂ ಒಂಚೂರೂ ಹಿಡಿಸಲಿಲ್ಲ ಎಂದು ಬರೆದಳು. (ನಿನ್ನಮ್ಮ ಪುಸ್ತಕವನ್ನು ಇನ್ನೂ ತೆರೆದಿಲ್ಲ ಎಂದು ಮುಖ ಊದಿಸಿಕೊಂಡಿದ್ದೀಯಲ್ಲ, ಅವಳು ತೆರೆಯದೆ ಇರುವುದೇ ವಾಸಿ. ಹೆರಿಗೆಕೋಣೆಯ ಕಥೆ ಅವಳಿಗೆ ಆಗಿಬರುವುದಿಲ್ಲ.)

ಆ ಕಾಗದಗಳಲ್ಲಿ ಅವಳು ಕಂಡದ್ದು ಮೂರೇ ಬಗೆ: ದಿಗಿಲು, ಊಹೆ, ಶುದ್ಧ ಬೈಗುಳ. ಅವಳನ್ನು ಹೆಚ್ಚು ಕಾಡಿದವರು ಬೈದವರಲ್ಲ. ಈ ಲಾಟರಿ ಯಾವ ಊರಿನಲ್ಲಿ ನಡೆಯುತ್ತದೆ, ಹೋಗಿ ನೋಡಬಹುದೇ ಎಂದು ಕೇಳಿದವರು. ಕಥೆಯೋ ವರದಿಯೋ ಎಂದು ಪತ್ರಿಕೆ ಆಗ ಮೇಲೆ ಅಚ್ಚು ಹಾಕುತ್ತಿರಲಿಲ್ಲ, ಗೊಂದಲಕ್ಕೆ ಅದೂ ಒಂದು ಕಾರಣ. ಆದರೆ "ನೋಡಬಹುದೇ" ಎಂಬ ಪ್ರಶ್ನೆಗೆ ಅದು ಕಾರಣವಲ್ಲ.

ನಿನ್ನ ಕಟ್ಟಿನಲ್ಲೂ ಆ ಪ್ರಶ್ನೆ ಕೇಳಿದವರಿದ್ದಾರೆ. "ಈ ಬಾವಿ ನಿಜವಾಗಿ ಎಲ್ಲಿದೆ ಮೇಡಂ, ಲೊಕೇಶನ್ ಕಳಿಸಿ" ಎಂದವರನ್ನು ನೋಡಿ ನೀನು ನಕ್ಕಿದ್ದೀಯ. ನಗಬೇಡ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಿಂದ ಹಳ್ಳಿಗಳವರೆಗೆ ಮನೆ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದುಕೊಂಡ ಜನ ನಾವು. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕೂಗುವ ಹೆಂಗಸಿನ ದೆವ್ವ ಅದನ್ನು ಓದಿ ಹಿಂದೆ ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಅಕ್ಷರ ಬಲ್ಲ ದೆವ್ವ, ಮಾತಿಗೆ ತಪ್ಪದ ದೆವ್ವ! ಬರೆದವರೆಲ್ಲ ನಂಬಿದ್ದರು ಎಂದಲ್ಲ. ಬರೆದರೆ ಗಂಟೇನು ಹೋಗುತ್ತದೆ ಎಂದು ಬರೆದವರೇ ಹೆಚ್ಚು. ನಿನ್ನ ಓದುಗರೂ ನಿಂತಿರುವುದು ಆ ಹೊಸ್ತಿಲಿನಲ್ಲೇ. "ನಿಜವಾ?" ಎಂದು ಕೇಳುವವನಿಗೆ ನೀನು "ಕಲ್ಪನೆ" ಎಂದರೂ ತೃಪ್ತಿಯಿಲ್ಲ, "ನಿಜ" ಎಂದರಂತೂ ನಿದ್ದೆಯಿಲ್ಲ. ಉತ್ತರ ಕೊಡದೆ ಬಿಡು.

ಅರ್ಥ ಹೇಳುವ ಕೆಲಸವನ್ನಂತೂ ಇವತ್ತೇ ನಿಲ್ಲಿಸು. ಜಾಕ್ಸನ್ ಕೂಡ ಒತ್ತಾಯಕ್ಕೆ ಸಿಕ್ಕಿ 1948ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಗೆ ವಿವರಣೆ ಕೊಟ್ಟಳು. ಹಳೆಯದೊಂದು ಕ್ರೂರ ಆಚರಣೆಯನ್ನು ಇವತ್ತಿನ ಕಾಲದಲ್ಲಿ, ನನ್ನದೇ ಊರಿನಲ್ಲಿ ನಡೆಸಿ, ಓದುಗರಿಗೆ ಅವರವರ ಬದುಕಿನ ಹಿಂಸೆಯನ್ನೇ ತೋರಿಸಿ ಬೆಚ್ಚಿಬೀಳಿಸಬೇಕು ಅಂದುಕೊಂಡಿದ್ದೆ ಎಂಬರ್ಥದಲ್ಲಿ. ಒಪ್ಪಬೇಕಾದ ಮಾತೇ. ಆದರೆ ಕಥೆ ಓದಿದಾಗ ಕೈಯಲ್ಲಿ ಉಳಿಯುವ ಕಲ್ಲಿನ ಭಾರ ಆ ವಾಕ್ಯದಲ್ಲಿಲ್ಲ. ನಿನ್ನ 'ಅಟ್ಟ' ಕಥೆಯ ಕೊನೆಗೆ ಮಗು ಯಾರನ್ನು ನೋಡಿ ನಕ್ಕಿತು ಎಂದು ಎಷ್ಟೊಂದು ಜನ ಕೇಳಿದ್ದಾರೆ. ಅವರಿಗೆಲ್ಲ ನೀನು "ಅದು ಅಪರಾಧಿ ಪ್ರಜ್ಞೆಯ ಸಂಕೇತ" ಎಂದು ಬರೆದಿದ್ದೀಯ. ಓದಿ ನನಗೇ ಆಕಳಿಕೆ ಬಂತು. ಮೊನ್ನೆ ರಾತ್ರಿ ಅಟ್ಟದ ಏಣಿ ನೋಡಿದರೆ ಕಾಲು ಹಿಂದೆ ಸರಿಯುತ್ತಿತ್ತು, ನಿನ್ನ ವಿವರಣೆ ಓದಿದ ಮೇಲೆ ಆರಾಮಾಗಿ ಹತ್ತಿ ಉಪ್ಪಿನಕಾಯಿ ಭರಣಿ ಇಳಿಸಿಕೊಂಡು ಬಂದೆ.

ಇನ್ನು ತಿದ್ದುವ ಮಾತು. ತಿದ್ದಲೇಬಾರದು ಎನ್ನುವವಳಲ್ಲ ನಾನು. ಅಮೆರಿಕದ ಕಥೆಗಾರ ಎಡ್ಗರ್ ಅಲನ್ ಪೋ 1835ರ ಮಾರ್ಚ್‌ನಲ್ಲಿ 'ಬೆರೆನಿಸ್' ಎಂಬ ಕಥೆ ಅಚ್ಚು ಮಾಡಿಸಿದ. ಸತ್ತಳೆಂದು ಹೂತ ಹೆಂಡತಿಯಾಗಬೇಕಿದ್ದವಳ ಹಲ್ಲು ಕಿತ್ತು ತರುವವನ ಕಥೆ, ಅವಳಿನ್ನೂ ಸತ್ತಿರುವುದಿಲ್ಲ. ಓದುಗರು ಥೂ ಎಂದರು. ಪತ್ರಿಕೆಯ ಒಡೆಯ ಥಾಮಸ್ ವೈಟ್‌ನಿಗೂ ಕಸಿವಿಸಿ. ಏಪ್ರಿಲ್ ಕೊನೆಗೆ ಪೋ ಅವನಿಗೆ ಬರೆದ ಕಾಗದ ನನಗೆ ಬಹಳ ಇಷ್ಟ. ವಿಷಯ ಅತಿ ಭೀಕರವಾಯಿತು, ನಿಜ, ಎಂದು ಒಪ್ಪುತ್ತಾನೆ. ಒಪ್ಪಿದವನೇ, ಹೆಸರು ಮಾಡಿದ ಪತ್ರಿಕೆಗಳೆಲ್ಲ ಹೆಸರು ಮಾಡಿದ್ದು ಇಂಥ ಕಥೆಗಳಿಂದಲೇ, ಮೆಚ್ಚಬೇಕಾದರೆ ಮೊದಲು ಓದಬೇಕಲ್ಲ ಎಂದು ವಾದಿಸುತ್ತಾನೆ. 1840ರ ಸಂಕಲನದಲ್ಲಿ ಆ ಕಥೆಯನ್ನು ಕೈಬಿಡದೆ ಸೇರಿಸಿದ. ಭಯಾನಕ ಬರೆಯುವುದೆಲ್ಲ ಜರ್ಮನ್ನರ ಅನುಕರಣೆ ಎಂದು ವಿಮರ್ಶಕರು ಗೊಣಗಿದರೆ, ನನ್ನ ಭಯ ಜರ್ಮನಿಯದ್ದಲ್ಲ, ಆತ್ಮದ್ದು ಎಂದು ಅದೇ ಪುಸ್ತಕದ ಮುನ್ನುಡಿಯಲ್ಲಿ ಉತ್ತರಿಸಿದ. 1845ರಲ್ಲಿ ಮತ್ತೆ ಅಚ್ಚಾಗುವಾಗ ಮಾತ್ರ, ಹೆಣದ ಕೋಣೆಯ ಕೆಲವು ಪ್ಯಾರಾ ಸದ್ದಿಲ್ಲದೆ ತೆಗೆದ. ಹಲ್ಲಿನ ತಂಟೆಗೆ ಹೋಗಲಿಲ್ಲ. ಬೈಗುಳ ತಣ್ಣಗಾಗಿ ಹತ್ತು ವರ್ಷ ಆದ ಮೇಲೆ ತನ್ನ ಕಣ್ಣಿಗೇ ಹೆಚ್ಚೆಂದು ಕಂಡದ್ದು ಅವು. ನೀನು ಪುಸ್ತಕ ಬಂದು ಮೂರು ತಿಂಗಳಾಗುವ ಮೊದಲೇ ಕತ್ತರಿ ಹಿಡಿದಿದ್ದೀಯ.

"ಭಯವೇ ಆಗಲಿಲ್ಲ" ಎಂದ ಹುಡುಗರಿಗೆ ಹೆಚ್ಚು ಬೆಲೆ ಕೊಡಬೇಡ. ಇಂಗ್ಲೆಂಡಿನ ದೆವ್ವದ ಕಥೆಗಾರ ಎಂ. ಆರ್. ಜೇಮ್ಸ್ ತನ್ನ ಕಥೆಗಳನ್ನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ರಾತ್ರಿಗಳಂದು ಗೆಳೆಯರಿಗೆ ಓದಿ ಹೇಳುತ್ತಿದ್ದ, ಒಂದು ಮೇಣದಬತ್ತಿ ಬಿಟ್ಟು ಉಳಿದದ್ದೆಲ್ಲ ಊದಿ ಆರಿಸಿ. ಅರ್ಧ ಕೆಲಸ ಕತ್ತಲೆಯೇ ಮಾಡುತ್ತಿತ್ತು. ನಿನ್ನ ಹುಡುಗರು ಓದಿರುವುದು ಮಧ್ಯಾಹ್ನದ ಮೆಟ್ರೋದಲ್ಲಿ, ಒಂದು ಕಿವಿಯಲ್ಲಿ ಹಾಡು.

ಆದರೆ ಶಿಕಾರಿಪುರದ ಕಡೆಯ ರೈತರೊಬ್ಬರು ಬರೆದದ್ದನ್ನು ಗೋಡೆಗೆ ಅಂಟಿಸಿಕೋ. ಕೃಷ್ಣಪಕ್ಷದ ಅಷ್ಟಮಿಯ ದಿನ ರಾತ್ರಿ ಎಂಟಕ್ಕೆ ತೋಟದ ಮೇಲೆ ಚಂದ್ರ ಹೇಗೆ ಬಂದ, ಅವನು ಹುಟ್ಟುವುದೇ ಮಧ್ಯರಾತ್ರಿ ಹೊತ್ತಿಗೆ ಎಂದು ಕೇಳಿದ್ದಾರೆ. ಅವರಿಗೆ ನಿನ್ನ ದೆವ್ವದ ಮೇಲೆ ಯಾವ ತಕರಾರೂ ಇಲ್ಲ ನೋಡು! ಚಂದ್ರನೊಬ್ಬ ಹೊತ್ತು ತಪ್ಪಿದ್ದರಿಂದ ಅಲ್ಲಿಂದ ಮುಂದಿನ ಒಂದು ಪುಟವನ್ನೂ ನಂಬಲಿಲ್ಲ. ಇದನ್ನು ಇವತ್ತೇ ತಿದ್ದು, ಹತ್ತು ವರ್ಷ ಕಾಯಬೇಡ.

ಪುತ್ತೂರಿನಿಂದ ಬಂದ ಸಿಟ್ಟಿನ ಕಾಗದವನ್ನು ನೀನು "ತಲೆಕೆಟ್ಟವರು" ಎಂದು ಬದಿಗೆ ಸರಿಸಿದ್ದೀಯ. ಅದನ್ನು ಮತ್ತೆ ಓದು. ನಿನ್ನ ದೆವ್ವ ಬರುವಾಗಲೆಲ್ಲ ಗಗ್ಗರದ, ಅಂದರೆ ಕಾಲಿಗೆ ಕಟ್ಟುವ ದಪ್ಪ ಗೆಜ್ಜೆಯ, ಸದ್ದು ಕೇಳಿಸಿದ್ದೀಯ. ಗಗ್ಗರ ಕಟ್ಟಿ ಬರುವುದು ಕೋಲದ, ಅಂದರೆ ತುಳುನಾಡಿನ ದೈವಾರಾಧನೆಯ, ದೈವ. ಆ ಸದ್ದಿಗೆ ಅಲ್ಲಿಯ ಮಕ್ಕಳು ಓಡಿಹೋಗುವುದಿಲ್ಲ, ಅಮ್ಮನ ಜೊತೆ ಕೈ ಮುಗಿದು ನಿಲ್ಲುತ್ತವೆ. ಕಾರ್ಕಳದ ಗೊಮ್ಮಟ ನಿಂತದ್ದು 1432ರಲ್ಲಿ. ಅದನ್ನು ಕಡೆದ ಕಲ್ಕುಡ ಇಂಥದ್ದು ಇನ್ನೆಲ್ಲೂ ಕಡೆಯಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ ಎನ್ನುತ್ತದೆ ಪಾಡ್ದನ, ತುಳುವರ ಹಾಡುಗಥೆ. ತಂಗಿ ಕಲ್ಲುರ್ಟಿ ಅಣ್ಣನ ಆ ಸ್ಥಿತಿ ಕಂಡಳು. ಇಬ್ಬರೂ ಮಾಯಕವಾಗಿ ದೈವಗಳಾದರು, ಅರಸನ ಮೇಲೆ ಸೇಡು ತೀರಿಸಿಕೊಂಡರು. ಇವತ್ತಿಗೂ ಅವರಿಗೆ ಕೋಲ ನಡೆಯುತ್ತದೆ, ಜನ ತಮ್ಮ ಅನ್ಯಾಯದ ದೂರು ಒಯ್ದು ಅವರ ಮುಂದೆ ನಿಲ್ಲುತ್ತಾರೆ. ಅನ್ಯಾಯವಾಗಿ ಸತ್ತವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಆ ಸೀಮೆಯವರು ಕಂಡುಕೊಂಡ ದಾರಿ ಅದು: ಹೆಸರಿಟ್ಟು ಕರೆ, ಬಂದಾಗ ಮಾತಾಡಲು ಬಿಡು, ಹೇಳಿದ್ದನ್ನು ಕೇಳು.

ಇದನ್ನು ಇಷ್ಟು ಬೆಳೆಸಿದ್ದು ಆ ಇನ್‌ಲ್ಯಾಂಡ್ ಕಾಗದಕ್ಕಾಗಿ. ನೀನು ಅದನ್ನು ಕಟ್ಟಿನ ಅಡಿಯಲ್ಲಿಟ್ಟಿದ್ದೆ, ಮೇಲೆ ಏನೂ ಗುರುತು ಹಾಕದೆ. "ನಮ್ಮ ಚಿಕ್ಕಮ್ಮನೂ ಬಾವಿಗೇ ಹೋದದ್ದು. ಆಮೇಲೆ ಆ ನೀರನ್ನು ಯಾರೂ ಮುಟ್ಟಲಿಲ್ಲ, ಅವಳ ಮಾತನ್ನೂ ಎತ್ತಲಿಲ್ಲ. ನಿಮ್ಮ ಕಥೆಯಲ್ಲಿ ಎಲ್ಲರಿಗೂ ಹೆಸರಿದೆ, ಅವಳಿಗೆ ಮಾತ್ರ ಯಾಕಿಲ್ಲ?" ನಾನು ಪುಸ್ತಕ ತೆಗೆದು ನೋಡಿದೆ. ಹೌದು, ಗಂಡನಿಗಿದೆ, ಅತ್ತೆಗಿದೆ, ಮನೆಯ ನಾಯಿಗೂ ಇದೆ. ಅವಳು ಮಾತ್ರ ಬಿಳಿ ಸೀರೆ, ಬಿಚ್ಚಿದ ಕೂದಲು.

ನಮ್ಮ ದೆವ್ವದ ಕಥೆಗಳಲ್ಲಿ ಬರುವ ಹೆಂಗಸರೆಲ್ಲ ಎಲ್ಲಿಂದ ಬಂದವರು ಎಂದು ಯೋಚಿಸಿದ್ದೀಯಾ? ಬಾಣಂತನದಲ್ಲಿ ಹೋದವರು, ಬಾವಿಗೆ ಬಿದ್ದವರು, ನೇಣು ಹಾಕಿಕೊಂಡವರು, ಹಾಕಿಸಿಕೊಂಡವರು. ಯಾವ ಮನೆಯಲ್ಲಿ ಅಂಥವಳು ಒಬ್ಬಳಿಲ್ಲ? ಬೇರೆ ಬಗೆಯ ಪುಸ್ತಕ ಬರೆದವರಿಗೆ ಈ ಕಾಗದ ಬರುವುದಿಲ್ಲ. ಉಳಿದವರೆಲ್ಲ ನಿನ್ನ ಕಥೆ ಓದಿ ತಮಗೆ ಏನಾಯಿತು ಎಂದು ಬರೆದಿದ್ದಾರೆ. ಈಕೆ ಬರೆದದ್ದು ಅವಳಿಗೆ ಏನಾಯಿತು ಎಂದು. ಇಡೀ ಕಟ್ಟಿನಲ್ಲಿ ಉತ್ತರಕ್ಕೆ ಕಾಯುತ್ತಿರುವ ಕಾಗದ ಇದೊಂದೇ, ನೀನು ಉತ್ತರ ಬರೆಯದೆ ಉಳಿದದ್ದೂ ಇದೊಂದಕ್ಕೇ.

ಕೈಬರಹದಲ್ಲಿ ಬರೆ. "ಇದು ಕಾಲ್ಪನಿಕ, ಯಾರಿಗೂ ಸಂಬಂಧಿಸಿದ್ದಲ್ಲ" ಎಂಬ ಪುಸ್ತಕದ ಮೊದಲ ಪುಟದ ಮಾತನ್ನು ಅಲ್ಲಿ ಮತ್ತೆ ಹಾಡಬೇಡ. ಕ್ಷಮೆಯ ಭಾಷಣವೂ ಬೇಡ, ನೀನು ಅವರ ಚಿಕ್ಕಮ್ಮನನ್ನು ಕಂಡವಳಲ್ಲ. ಚಿಕ್ಕಮ್ಮನ ಹೆಸರೇನು ಎಂದು ಕೇಳು. ಹೇಳಿದರೆ ಮುಂದಿನದ್ದನ್ನೂ ಕೇಳು, ಹೇಳದಿದ್ದರೆ ಅಲ್ಲಿಗೆ ಬಿಡು. ಆದರೆ ಒಂದು ಎಚ್ಚರಿಕೆ: ಅವರು ಹೇಳಿದ್ದನ್ನೆಲ್ಲ ಮುಂದಿನ ಸಂಕಲನಕ್ಕೆ ಸರಕು ಎಂದು ಡೈರಿಯಲ್ಲಿ ಬರೆದಿಟ್ಟುಕೊಂಡೆಯೋ, ನನಗೆ ಮುಖ ತೋರಿಸಬೇಡ. ನಿನ್ನ ಕಥೆಯ ಹೆಂಗಸಿಗೆ ಬೇರೆಯದೇ ಹೆಸರು ಇಡು, ನೀನೇ ಹುಡುಕಿ ಇಡು. ಇಟ್ಟ ಮೇಲೆ ಕಥೆ ಹಾಗೇ ನಿಲ್ಲುತ್ತದೋ ಅಲುಗುತ್ತದೋ ನೋಡು. ಅಲುಗಿದರೆ ಅದೊಂದನ್ನೇ ಪೂರ್ತಿ ಹೊಸದಾಗಿ ಬರೆ, ಬೇರೆ ಮೂರರ ತಂಟೆಗೆ ಹೋಗಬೇಡ.

ಅಡಿಕೆ ಕೊಯ್ಲು ಮುಗಿದ ಮೇಲೆ ಎರಡು ದಿನದ ಮಟ್ಟಿಗಾದರೂ ಬಾ. ಬರುವಾಗ ಪುಸ್ತಕದ ಎರಡು ಪ್ರತಿ ತಾ, ಒಂದು ಲೈಬ್ರರಿಗೆ. ನನ್ನ ಪ್ರತಿಯನ್ನು ಪಕ್ಕದ ಮನೆಯವಳು ಒಯ್ದು ವಾರವಾಯಿತು, ಕೇಳಿದರೆ ಅರ್ಧಕ್ಕೇ ನಿಲ್ಲಿಸಿದ್ದೇನೆ ಎನ್ನುತ್ತಾಳೆ, ವಾಪಸು ಮಾತ್ರ ಕೊಡುವುದಿಲ್ಲ.

ಇಂತು,
ದೊಡ್ಡಮ್ಮ