ಉಪ್ಪು ಕಡಿಮೆ ಮಾಡಲು ಹೋಗಿ ಕೆಟ್ಟೆವು: ಮಿಡಿ ಉಪ್ಪಿನಕಾಯಿ ತರಿಸುವ ನಮ್ಮವರಿಗೆಲ್ಲ

ಆತ್ಮೀಯರೆ,

ಈ ಪತ್ರವನ್ನು ನಮ್ಮ ಹನ್ನೆರಡು ಜನರ ಉಪ್ಪಿನಕಾಯಿ ಸಂಘ ಯುಗಾದಿಯ ಹೊತ್ತಿಗೇ ಬರೆಯಬೇಕಿತ್ತು. ಮಿಡಿ ಕೊಯ್ಲು ಮುಗಿಯದೆ ದರ ಹೇಳುವುದು ಹೇಗೆ ಅಂತ ಕಾಯುತ್ತ ಕೂತೆವು. ಅಷ್ಟರಲ್ಲಿ ನಿಮ್ಮ ಫೋನು ಶುರುವಾಯಿತು, ಅರ್ಧ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟಿ, ‘ನೀವು ಉಪ್ಪಿನಕಾಯಿ ಮಾಡೋದನ್ನೇ ಬಿಟ್ಟಿರಂತೆ’ ಎನ್ನುವವರೆಗೂ ಹೋಯಿತು. ಬಿಟ್ಟಿಲ್ಲ. ಮೊದಲು ವಿಷಯ ಹೇಳಿಬಿಡುತ್ತೇವೆ, ಜಗಳ ಆಮೇಲೆ.

ಈ ವರ್ಷದಿಂದ ‘ಕಡಿಮೆ ಉಪ್ಪಿನ’ ಅಪ್ಪೆಮಿಡಿ, ಅಂದರೆ ಘಮದ ಕಾಡುಮಾವಿನ ಎಳೆಗಾಯಿಯ ಉಪ್ಪಿನಕಾಯಿ, ಮಾಡುವುದಿಲ್ಲ. ಒಂದು ಕೆ.ಜಿ. ಬಾಟಲಿ ನಿಲ್ಲಿಸಿದ್ದೇವೆ. ಅರ್ಧ ಕೆ.ಜಿ.ಯದು ಮೊದಲಿನಂತೆ ಇರುತ್ತದೆ, 200 ಗ್ರಾಂನ ಚಿಕ್ಕ ಬಾಟಲಿ ಹೊಸದು. ಅರ್ಧ ಕೆ.ಜಿ.ಗೆ ಕಳೆದ ವರ್ಷ 340 ರೂಪಾಯಿ ಇತ್ತು, ಈಗ 380. ಹಪ್ಪಳ, ಸಂಡಿಗೆ, ಸಾರಿನ ಪುಡಿಯ ದರ ಇದ್ದಷ್ಟೇ ಇದೆ. ಅವುಗಳ ಬಗ್ಗೆ ಯಾರೂ ಬೈದೂ ಇಲ್ಲ, ಹೊಗಳಿಯೂ ಇಲ್ಲ.

ಈಗ ತಪ್ಪೊಪ್ಪಿಗೆ. ಕಳೆದ ವರ್ಷ ‘ಕಡಿಮೆ ಉಪ್ಪು’ ಅಂತ ಹಸಿರು ಚೀಟಿ ಅಂಟಿಸಿ ಕಳಿಸಿದ ಬಾಟಲಿಗಳು ಕೆಟ್ಟವು. ಎಲ್ಲವೂ ಅಲ್ಲ, ಆದರೆ ನಾವು ತಲೆ ತಗ್ಗಿಸುವಷ್ಟು. ಆಷಾಢ ಹಿಡಿಯುವ ಹೊತ್ತಿಗೆ ಕೆಲವರ ಬಾಟಲಿಯ ಮೇಲೆ ಬಿಳಿ ಹಾವಸೆ ಕಟ್ಟಿತು, ಕೆಲವರದ್ದು ಬುರುಗು ಬಂದು ಮುಚ್ಚಳ ಉಬ್ಬಿತು. ಮಿಡಿ ಕಚ್ಚಿದರೆ ಕಟಕ್ ಅನ್ನುವ ಬದಲು ಬಾಳೆಹಣ್ಣಿನ ಹಾಗೆ ಮೆತ್ತಗೆ. ಒಂದು ಬಾಟಲಿ ಡಾಲಸ್‌ಗೆ ಹೊರಟ ಸೂಟ್‌ಕೇಸಿನೊಳಗೆ ಬಾಯಿ ಬಿಟ್ಟು, ಮೊಮ್ಮಗನ ಉಪನಯನಕ್ಕೆ ಅಂತ ಮಡಚಿಟ್ಟ ರೇಷ್ಮೆ ಪಂಚೆಯ ಮೇಲೆಲ್ಲ ಖಾರ ಹರಡಿತು. ಆ ಅಜ್ಜಿ ಫೋನ್ ಮಾಡಿ ಬೈಯಲಿಲ್ಲ, ಪಂಚೆಗೆ ಎರಡು ತಿಂಗಳಾದರೂ ಒಳ್ಳೆ ವಾಸನೆ ಇತ್ತು ಅಂತ ನಕ್ಕರು. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಹಸಿರು ಚೀಟಿಯ ಬಾಟಲಿ ಕೊಂಡ ಯಾರೇ ಆಗಲಿ, ಕೆಟ್ಟಿರಲಿ ಬಿಡಲಿ, ಅದರ ಬದಲು ಹೊಸ ಬಾಟಲಿ ಕೊಡುತ್ತೇವೆ, ಕೊರಿಯರ್ ಖರ್ಚು ನಮ್ಮದು. ಬಿಲ್ಲು ಬೇಡ, ಫೋಟೋ ಬೇಡ. ನಿಮ್ಮ ಹೆಸರು ನಮ್ಮ ಪುಸ್ತಕದಲ್ಲಿದೆ. ಕೆಟ್ಟದ್ದನ್ನು ಮೇಲಿನ ಪದರ ತೆಗೆದು ತಿನ್ನುತ್ತಿದ್ದೇವೆ ಅಂತ ಇಬ್ಬರು ಹೇಳಿದರು. ದಯವಿಟ್ಟು ಬೇಡ, ಗಿಡದ ಬುಡಕ್ಕೂ ಹಾಕಬೇಡಿ, ಉಪ್ಪಿಗೆ ಗಿಡ ಸಾಯುತ್ತದೆ.

ಹಾಗಾದರೆ ಉಪ್ಪು ಕಡಿಮೆ ಮಾಡಿದ್ದು ಯಾಕೆ? ನೀವು ಕೇಳಿದಿರಿ ಅಂತ. ಇದು ಕೊಂಕು ಮಾತಲ್ಲ. ಮೂರು ವರ್ಷಗಳಿಂದ ನಾವು ಫೋನ್ ಎತ್ತಿದರೆ ಹತ್ತರಲ್ಲಿ ನಾಲ್ಕು ಸಲ ಒಂದೇ ಮಾತು: ‘ರುಚಿ ಚೆನ್ನಾಗಿದೆ, ಆದರೆ ಉಪ್ಪು ಜಾಸ್ತಿ ಆಯ್ತು.’ ‘ನಮ್ಮ ಯಜಮಾನರಿಗೆ ಬಿಪಿ.’ ‘ತೂಕ ಬರಲಿ ಅಂತ ಉಪ್ಪು ಸುರಿತೀರಾ?’ ಈ ಕೊನೆಯದನ್ನು ಕೇಳಿದ ದಿನ ನಮ್ಮಲ್ಲಿ ಇಬ್ಬರು ಮಧ್ಯಾಹ್ನ ಊಟ ಮಾಡಲಿಲ್ಲ. ಕಲ್ಲುಪ್ಪಿನ ಆಸೆಗೆ ಬಿದ್ದು ಸಂಘ ಕಟ್ಟಿದವರಲ್ಲ ನಾವು. ಆದರೂ ಮನಸ್ಸು ಸೋತಿತು. ಕಾಲಕ್ಕೆ ತಕ್ಕ ಹಾಗೆ ಇರೋಣ ಅಂತ ಅಳತೆಯನ್ನು ಅರ್ಧಕ್ಕೆ ಇಳಿಸಿದೆವು. ಹಿರಿಯರೊಬ್ಬರು ‘ಭರಣಿ ಒಪ್ಪೋದಿಲ್ಲ’ ಅಂದಿದ್ದರು, ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಅಳತೆ ಹೀಗೆ: ನಾಲ್ಕು ಕೆ.ಜಿ. ಮಿಡಿಗೆ ಒಂದು ಕೆ.ಜಿ. ಕಲ್ಲುಪ್ಪು. ತೊಟ್ಟು ಅರ್ಧ ಇಂಚು ಉಳಿಸಿ, ತೊಳೆದು, ನೆರಳಲ್ಲಿ ಒಂದು ಹನಿ ನೀರಿಲ್ಲದ ಹಾಗೆ ಆರಿಸಿ, ಒಂದು ಪದರ ಮಿಡಿ ಒಂದು ಪದರ ಉಪ್ಪು. ಮರುದಿನವೇ ನೀರು ಬಿಡಲು ಶುರು. ಆ ನೀರು ನಾವು ಹಾಕಿದ್ದಲ್ಲ, ಮಿಡಿಯ ಒಳಗಿನದು. ಉಪ್ಪು ಅದನ್ನು ಹೊರಗೆ ಎಳೆಯುತ್ತದೆ, ತಾನು ಒಳಗೆ ಹೋಗುತ್ತದೆ. ಹದಿನೈದು ದಿನಕ್ಕೆ ಮಿಡಿ ಚಿರುಟಿ, ಮುದುಕರ ಬೆರಳಿನ ಹಾಗೆ ಸುಕ್ಕಾಗುತ್ತದೆ. ಆ ಸುಕ್ಕೇ ಕಟಕ್ ಅನ್ನುವ ಸದ್ದು. ನಮ್ಮ ಮಿಡಿಗೆ ಎಣ್ಣೆ ಇಲ್ಲ, ವಿನಿಗರ್ ಇಲ್ಲ. ಹೊರಬಂದ ಅದೇ ಉಪ್ಪುನೀರನ್ನು ಕುದಿಸಿ, ಆರಿಸಿ, ಅದರಲ್ಲೇ ಬ್ಯಾಡಗಿ ಮೆಣಸು, ಸಾಸಿವೆ, ಅರಿಶಿನ ಅರೆದು ಕಲಸುತ್ತೇವೆ. ವರ್ಷವಿಡೀ ಮಿಡಿಯನ್ನು ಕಾಯುವುದು ಆ ಉಪ್ಪು, ಮಿಡಿಯ ಹುಳಿ, ಸ್ವಲ್ಪ ಸಾಸಿವೆ, ಅಷ್ಟೆ. ಉಪ್ಪು ಅರ್ಧ ಮಾಡಿದಾಗ ಮಿಡಿ ಪೂರ್ತಿ ಚಿರುಟಲಿಲ್ಲ, ದುಂಡಗೇ ಉಳಿಯಿತು. ನೋಡಲು ಚಂದ ಇದೆ ಅಂತ ನಾವೇ ಮೋಸ ಹೋದೆವು. ಒಳಗೆ ನೀರು ಉಳಿದಿತ್ತು, ಮಳೆಗಾಲದಲ್ಲಿ ಹುದುಗು ಹಿಡಿಯಿತು.

‘ಬೆಂಜೊಯೇಟ್ ಹಾಕಿ, ಎಲ್ಲರೂ ಹಾಕ್ತಾರೆ’ ಅಂದವರಿದ್ದಾರೆ. ಅದು ಕೆಡದ ಹಾಗೆ ತಡೆಯುವ ರಾಸಾಯನಿಕ. ಹಾಕಬಹುದು, ಮಿತಿಯೊಳಗೆ ಕಾನೂನೂ ಬಿಡುತ್ತದೆ, ಹಾಕುವವರನ್ನು ನಾವು ದೂರುವುದಿಲ್ಲ. ಸಭೆಯಲ್ಲಿ ಕೈ ಎತ್ತಿಸಿ ನೋಡಿದೆವು: ಹನ್ನೆರಡು ಜನರಲ್ಲಿ ಒಂಬತ್ತು ಜನ ಬೇಡ ಅಂದರು. ವಿನಿಗರ್ ವಿಷಯಕ್ಕೆ ಕೈ ಎತ್ತಿಸುವ ಕೆಲಸವೇ ಬರಲಿಲ್ಲ. ಜೀರಿಗೆಯ ಪರಿಮಳದ ‘ಜೀರಿಗೆ ಅಪ್ಪೆ’ ತಳಿಯ ತೊಟ್ಟು ಮುರಿದರೆ ಬರುವ ಸೊನೆಯ ಘಮ ಇಡೀ ಕೋಣೆಗೆ ಗೊತ್ತಾಗುತ್ತದೆ. ಅದರ ಮೇಲೆ ವಿನಿಗರ್ ಸುರಿಯುವುದಾದರೆ ಕಾಡುಮಿಡಿ ಯಾಕೆ ಬೇಕು, ಯಾವ ಮಾವಿನಕಾಯಿಯಾದರೂ ಆಗುತ್ತದೆ.

ಇನ್ನು ಬಿಪಿ ಮಾತು. ಇಲ್ಲಿ ವ್ಯಾಪಾರ ಬಿಟ್ಟು ಹೇಳುತ್ತೇವೆ. ದೊಡ್ಡವರಿಗೆ ದಿನಕ್ಕೆ ಎಲ್ಲಾ ಸೇರಿ 5 ಗ್ರಾಂಗಿಂತ ಕಡಿಮೆ ಉಪ್ಪು ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಒಂದು ಮಿಡಿ, ಖಾರವೂ ಸೇರಿ, 12 ಗ್ರಾಂ ಆಸುಪಾಸು ಬರುತ್ತದೆ. ಅದರಲ್ಲಿ ಸುಮಾರು 2 ಗ್ರಾಂ ಉಪ್ಪು. ಅಂದರೆ ಒಂದು ಮಿಡಿಗೆ ದಿನದ ಲೆಕ್ಕ ಅರ್ಧದ ಹತ್ತಿರ ಮುಗಿಯಿತು. ಡಾಕ್ಟರು ಉಪ್ಪು ಬಿಡಿ ಅಂದಿದ್ದರೆ ನಮ್ಮ ಬಾಟಲಿ ಕೊಳ್ಳಬೇಡಿ. ನಿಜವಾಗಿಯೂ ಬೇಡ. ಉಳಿದವರು ಮಿಡಿಯನ್ನು ಸೀಳಿ, ಮಜ್ಜಿಗೆ ಅನ್ನಕ್ಕೆ ಕಾಲು ಭಾಗ ಇಟ್ಟುಕೊಳ್ಳಿ. ಉಪ್ಪಿನಕಾಯಿ ಇದ್ದದ್ದೇ ನೆಕ್ಕಿಕೊಳ್ಳುವುದಕ್ಕೆ, ಪಲ್ಯದ ಹಾಗೆ ಬಡಿಸಿಕೊಳ್ಳುವುದಕ್ಕಲ್ಲ. ಬೆಂಗಳೂರಿನಲ್ಲಿ ನಮ್ಮದೇ ಮಕ್ಕಳು ಚಪಾತಿಗೆ ಮೂರು ಮಿಡಿ ಹಾಕಿಕೊಂಡು, ಆಮೇಲೆ ಉಪ್ಪು ಜಾಸ್ತಿ ಅಂತ ನಮಗೇ ಹೇಳುವುದನ್ನು ಕಂಡಿದ್ದೇವೆ. ಖಾರ ಹಾಕದ ಉಪ್ಪುಮಿಡಿಯೂ ನಮ್ಮಲ್ಲಿ ಸಿಗುತ್ತದೆ. ಅದನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಅಪ್ಪೆಹುಳಿ ಅನ್ನುವ ತೆಳ್ಳಗಿನ ಹುಳಿಸಾರು ಮಾಡಿ. ಒಂದೆರಡು ಮಿಡಿಯಲ್ಲಿ ನಾಲ್ಕು ಜನರ ಊಟ ಸಾಗುತ್ತದೆ, ಬೇರೆ ಉಪ್ಪು ಹಾಕುವುದೇ ಬೇಡ.

ಒಂದು ಕೆ.ಜಿ. ಬಾಟಲಿ ನಿಲ್ಲಿಸಿದ್ದೂ ಕೆಡಬಾರದು ಅಂತಲೇ. ಹಿಂದೆ ಮನೆಯಲ್ಲಿ ಭರಣಿ ಮುಟ್ಟುವ ಅಧಿಕಾರ ಒಬ್ಬರಿಗೇ ಇರುತ್ತಿತ್ತು. ಅವರು ಮಡಿಯಲ್ಲಿ, ಒಣಗಿದ ಸೌಟಿನಲ್ಲಿ, ವಾರಕ್ಕಾಗುವಷ್ಟು ಚಿಕ್ಕ ಪಾತ್ರೆಗೆ ತೆಗೆದು ಮತ್ತೆ ಬಟ್ಟೆ ಬಿಗಿಯುತ್ತಿದ್ದರು. ಅದರಲ್ಲಿ ಅರ್ಧ ಮಡಿ, ಅರ್ಧ ವಿಜ್ಞಾನ. ಈಗ ಬಾಟಲಿ ಊಟದ ಮೇಜಿನ ಮೇಲೇ ಇರುತ್ತದೆ, ಮೊಸರಿನ ಚಮಚ ನೇರ ಅದರೊಳಗೆ. ನಿಮ್ಮಲ್ಲಿ ತುಂಬ ಜನ ಈಗ ಮನೆಯಲ್ಲಿ ಇಬ್ಬರೇ ಇರುವುದು, ಅದೂ ಗೊತ್ತು. ಹತ್ತು ಜನ ಉಣ್ಣುವ ಮನೆಯ ಬಾಟಲಿಯನ್ನು ಇಬ್ಬರಿಗೆ ಕಳಿಸಿ, ಎಂಟು ತಿಂಗಳು ಹದ ಕೆಡಬಾರದು ಅಂದರೆ ಹೇಗೆ? 200 ಗ್ರಾಂನದು ತರಿಸಿ. ಮುಗಿದ ಮೇಲೆ ಇನ್ನೊಂದು.

ಈಗ ಆ ಏರಿದ ನಲವತ್ತು ರೂಪಾಯಿ. ಒಬ್ಬರು 2024ರ ಪೇಪರಿನ ಕಟಿಂಗ್ ಕಳಿಸಿದರು. ಆ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನ ದರ ಬಿದ್ದು ರೈತರು ರೊಚ್ಚಿಗೆದ್ದಿದ್ದರಲ್ಲ, ಅದು. ‘ಮೆಣಸು ಇಳಿದಾಗ ನೀವು ಇಳಿಸಲಿಲ್ಲ, ಈಗ ಏರಿಸುತ್ತೀರಿ’ ಅಂತ ಮೇಲೆ ಬರೆದಿದ್ದರು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಲೆಕ್ಕ ತಪ್ಪು. ಅರ್ಧ ಕೆ.ಜಿ. ಬಾಟಲಿಯಲ್ಲಿ ಮೆಣಸು, ಸಾಸಿವೆ, ಅರಿಶಿನ, ಉಪ್ಪು ಎಲ್ಲಾ ಸೇರಿ 55 ರೂಪಾಯಿ. ಮೆಣಸು ಪುಕ್ಕಟೆ ಸಿಕ್ಕರೂ ನಿಮ್ಮ ಬಾಟಲಿ ಅರ್ಧ ಬೆಲೆಗೆ ಬರುವುದಿಲ್ಲ. ಅಲ್ಲದೆ ರೈತನ ಮೆಣಸು ಮಣ್ಣು ಪಾಲಾದ ವರ್ಷ ನಾವು ಅಗ್ಗಕ್ಕೆ ಕೊಟ್ಟೆವು ಅಂತ ಹೇಳಿಕೊಳ್ಳುವುದು ಹೆಮ್ಮೆಯೇ?

ಖರ್ಚು ಇರುವುದು ಮಿಡಿಯಲ್ಲಿ. ಅಪ್ಪೆಮಿಡಿ ತೂಕದ ಮಾಲಲ್ಲ, ಎಣಿಕೆಯದು. ಈ ವರ್ಷ ಹೂವಿನ ಹೊತ್ತಿಗೆ ಮೋಡ ಕವಿದು, ಜಿಗಿಹುಳ ಬಿದ್ದು, ಹಲವು ಮರ ಬರೀ ಎಲೆ. ನಾವು ನೂರಕ್ಕೆ 325 ಕೊಟ್ಟೆವು. ಬಾಟಲಿಗೆ 40 ಮಿಡಿ, ಅಲ್ಲಿಗೆ 130 ರೂಪಾಯಿ. ‘ಕಾಡಲ್ಲಿ ಬಿಟ್ಟಿ ಸಿಗೋ ಮಿಡಿಗೆ ಅಷ್ಟಾ?’ ಅನ್ನುವವರು ಒಮ್ಮೆ ಬಂದು ಹೊಳೆಯಂಚಿನ ಮರದ ಕೆಳಗೆ ನಿಂತು ಮೇಲೆ ನೋಡಬೇಕು. ಅಘನಾಶಿನಿಯ ದಡದ ಹಳೇ ಮರಗಳಲ್ಲಿ ಮೊದಲ ಕೊಂಬೆಯೇ ಅಡಿಕೆ ಮರದ ತುದಿಯಷ್ಟು ಎತ್ತರ, ಅರ್ಧ ಕೊಂಬೆ ನೀರಿನ ಮೇಲೆ. ಮಿಡಿ ಉದುರಿಸುವ ಹಾಗಿಲ್ಲ. ನೆಲಕ್ಕೆ ಬಿದ್ದದ್ದು ಒಳಗೇ ಕಂದಿ, ಒಂದು ಕಂದಿದ ಮಿಡಿ ಇಡೀ ಭರಣಿ ಕೆಡಿಸುತ್ತದೆ. ಮೇಲೆ ಕೂತು ತೊಟ್ಟು ಸಮೇತ ಕೊಯ್ದು, ಚೀಲಕ್ಕೆ ಹಾಕಿ, ಹಗ್ಗದಲ್ಲಿ ಇಳಿಸಬೇಕು. ಸೊನೆ ಸಿಡಿದರೆ ಚರ್ಮ ಸುಡುತ್ತದೆ. ಹತ್ತುವವರು ಇಡೀ ಊರಿಗೆ ಈಗ ಇಬ್ಬರು, ಇಬ್ಬರಿಗೂ ಐವತ್ತು ದಾಟಿದೆ. ಜಿಐ ಮಾನ್ಯತೆ, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನುವ ಸರ್ಕಾರಿ ಗುರುತು, ಬಂತು ಅಂತ ಎಲ್ಲರೂ ಸಂತೋಷಪಟ್ಟೆವು, ಆದರೆ ಆ ಕಾಗದ ಮರ ಹತ್ತುವುದಿಲ್ಲ.

ಇದಕ್ಕಿಂತ ಅಗ್ಗದ ದಾರಿ ಇದೆ. ಕೊಂಬೆಯನ್ನೇ ಕಡಿದು ಕೆಳಗೆ ಹಾಕಿ, ಕೂತಲ್ಲೇ ಮಿಡಿ ಬಿಡಿಸಿಕೊಳ್ಳುವುದು. ಹಾಗೆ ತಂದದ್ದು ನಮ್ಮ ಬಾಗಿಲಿಗೂ ಬರುತ್ತದೆ, ನೂರಕ್ಕೆ ಅರವತ್ತು ಎಪ್ಪತ್ತು ರೂಪಾಯಿ ಕಡಿಮೆಗೆ. ನಾವು ತೆಗೆದುಕೊಳ್ಳುವುದಿಲ್ಲ. ಹೊಳೆಸಾಲಿನಲ್ಲಿ ಹಾಗೆ ಮುಗಿದುಹೋದ ಮರಗಳ ಬೊಡ್ಡೆ ನಮಗೆ ಲೆಕ್ಕವಿದೆ. ನಿಮ್ಮ ಬಾಟಲಿಗೆ ಏರಿದ ನಲವತ್ತು ರೂಪಾಯಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಲ್ಲೇ ಹೋಗುತ್ತದೆ.

ಉಳಿದದ್ದನ್ನೂ ಬಿಚ್ಚಿಟ್ಟುಬಿಡುತ್ತೇವೆ: ಬಾಟಲಿ, ಮುಚ್ಚಳ, ಚೀಟಿಗೆ 34. ಆರಿಸುವುದು, ತೊಳೆಯುವುದು, ಅರೆಯುವುದು, ತುಂಬುವುದು ಸೇರಿ ಕೂಲಿ 90. ಕೊಳೆತದ್ದು, ಒಡೆದದ್ದು 20. ಒಟ್ಟು 329 ಆಯಿತು. ಮಿಕ್ಕ 51ರಲ್ಲಿ ಕಟ್ಟಡದ ಬಾಡಿಗೆ, ಕರೆಂಟು, ಲೈಸೆನ್ಸು, ಈ ವರ್ಷ ಹಸಿರು ಚೀಟಿಯ ಬಾಟಲಿ ಬದಲಿಸಿ ಕೊಡುವ ದಂಡ. ಆ ದಂಡವನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದೇವಾ ಅಂತ ನೀವು ಕೇಳುವ ಮೊದಲೇ ಹೇಳುತ್ತೇವೆ, ಇಲ್ಲ. ಅದನ್ನು ತುಂಬಿಸಲು ಆ 51ರಲ್ಲಿ ನಮ್ಮ ಪಾಲಿಗೆ ಬರಬೇಕಿದ್ದ ಈ ಸಲದ ಲಾಭಾಂಶವನ್ನು ಹನ್ನೆರಡೂ ಜನ ಬಿಟ್ಟಿದ್ದೇವೆ. ಹೇಳಿಕೊಳ್ಳಬಾರದಿತ್ತೇನೋ. ಆದರೆ ‘ಉಪ್ಪಿನ ತೂಕ’ದ ಮಾತು ಕೇಳಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಹಳಬರಿಗೆ ಒಂದು ಮಾತು. ನಿಮ್ಮಲ್ಲಿ ಯಾರಿಗೆ ‘ಅನಂತ ಭಟ್ಟನ ಅಪ್ಪೆ’ ತಳಿಯೇ ಆಗಬೇಕು, ಯಾರಿಗೆ ಜೀರಿಗೆ, ಯಾರ ಮನೆಯಲ್ಲಿ ಖಾರ ಕಡಿಮೆ, ಯಾರ ಸೊಸೆಗೆ ಇಂಗು ಆಗುವುದಿಲ್ಲ, ಎಲ್ಲ ಪುಸ್ತಕದಲ್ಲಿ ಹಾಗೇ ಇದೆ. ಮೈಸೂರಿನ ಮೇಷ್ಟರಿಗೆ ಪ್ರತಿವರ್ಷದಂತೆ ದೊಡ್ಡ ಮಿಡಿ ಬೇರೆ ಎತ್ತಿಟ್ಟಿದ್ದೇವೆ. ಬೆಲೆ ಭಾರ ಅನ್ನಿಸಿದರೆ ಸಂಕೋಚ ಬೇಡ, ಈ ವರ್ಷ ಚಿಕ್ಕದನ್ನೇ ತರಿಸಿ, ಸಾಲು ತಪ್ಪಿಸಬೇಡಿ.

ಮಿಡಿ ಕಡಿಮೆ ಇರುವುದರಿಂದ ಒಂದು ಮನೆಗೆ ಮೂರು ಅರ್ಧ ಕೆ.ಜಿ. ಬಾಟಲಿಗಿಂತ ಹೆಚ್ಚು ಕೊಡಲಾಗುವುದಿಲ್ಲ. ಮಳೆ ಹಿಡಿಯುವ ಮೊದಲು ಕಳಿಸಿ ಮುಗಿಸಬೇಕು, ಮೇ ಕೊನೆಯೊಳಗೆ ಹೇಳಿಬಿಡಿ. ಬಾಟಲಿ ತಲುಪಿದ ಮೇಲೆ ಒಂದು ವಾರ ಮುಚ್ಚಳ ತೆಗೆಯಬೇಡಿ, ಖಾರ ಮಿಡಿಗೆ ಹಿಡಿಯಲಿ. ಸೋಮವಾರ, ಗುರುವಾರ ಮಧ್ಯಾಹ್ನದ ತನಕ ಫೋನ್ ಎತ್ತುವುದಿಲ್ಲ. ಸಿಟ್ಟಿನಿಂದಲ್ಲ, ಅವೆರಡು ದಿನ ಖಾರ ಅರೆಯುತ್ತೇವೆ, ಮೊಣಕೈವರೆಗೂ ಮೆಣಸು.

ಇಂತಿ,
ಸಂಘದ ಹನ್ನೆರಡು ಜನರ ಪರವಾಗಿ,
ಕಾರ್ಯದರ್ಶಿ