ಕೇಸ್ ಕಾರ್ಡ್ ನಿಲ್ಲುತ್ತಿದೆ: ನಮ್ಮ ಚಿಕಿತ್ಸಾಲಯಕ್ಕೆ ಬರುವವರಿಗೆ ಪತ್ರ

ಮಾನ್ಯರೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ಕೇಸ್ ಕಾರ್ಡ್ ಬರೆಯುವುದನ್ನು ನಿಲ್ಲಿಸುತ್ತಿದ್ದೇವೆ. ನಿಮ್ಮ ಬಿಪಿ, ಶುಗರ್, ಲ್ಯಾಬ್ ರಿಪೋರ್ಟ್, ಕೊಟ್ಟ ಔಷಧಿ ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ನೀವು ಒಪ್ಪಿದರೆ ಮಾತ್ರ ಅವನ್ನು ನಿಮ್ಮ ಆಭಾ ಸಂಖ್ಯೆಗೆ, ಅಂದರೆ ಆರೋಗ್ಯ ದಾಖಲೆಗಳನ್ನು ಜೋಡಿಸಿಡಲು ಸರ್ಕಾರ ಕೊಡುವ ಗುರುತಿನ ಸಂಖ್ಯೆಗೆ, ಜೋಡಿಸುತ್ತೇವೆ. ಔಷಧಿ ಚೀಟಿ ಎಂದಿನಂತೆ ಕಾಗದದಲ್ಲೇ ಕೈಗೆ ಸಿಗುತ್ತದೆ.

ಕೌಂಟರಿನಲ್ಲಿ ದಿನವೂ ಕೇಳಿಬರುವ ಗೊಂದಲವೊಂದಿದೆ. ಆಭಾ ಎಂದರೆ ಆಯುಷ್ಮಾನ್ ಕಾರ್ಡ್ ಅಲ್ಲ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಖರ್ಚು ನೋಡಿಕೊಳ್ಳುವುದು ಆಯುಷ್ಮಾನ್ ಯೋಜನೆ. ಆಭಾ ಬರೀ 14 ಅಂಕಿಯ ಗುರುತಿನ ಸಂಖ್ಯೆ, ಅದರಿಂದ ಒಂದು ರೂಪಾಯಿ ನೆರವೂ ಸಿಗದು. ಆಭಾ ಮಾಡಿಸಿದೆವೆಂದು ಆಯುಷ್ಮಾನ್ ಕಾರ್ಡನ್ನೋ ಯಶಸ್ವಿನಿ ಕಾರ್ಡನ್ನೋ ದಯವಿಟ್ಟು ಅಲಕ್ಷ್ಯ ಮಾಡಬೇಡಿ. ಆಭಾ ಕಡ್ಡಾಯವೂ ಅಲ್ಲ. ಬೇಡ ಎಂದವರಿಗೂ ಇಲ್ಲಿ ಅದೇ ಸರದಿ, ಅದೇ ಚಿಕಿತ್ಸೆ.

ಮಾಡಿಸುವವರು ಆಧಾರ್ ಕಾರ್ಡನ್ನೂ ಅದಕ್ಕೆ ಜೋಡಿಸಿದ ಸಿಮ್ ಇರುವ ಫೋನನ್ನೂ ತನ್ನಿ. ಆ ನಂಬರ್ ಈಗ ಬಳಕೆಯಲ್ಲಿಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಬದಲಿಸಿಕೊಳ್ಳಿ. ನಂಬರ್ ಬೆಂಗಳೂರಿನಲ್ಲಿರುವ ಮಗನದ್ದೋ ಮಗಳದ್ದೋ ಆಗಿದ್ದರೆ, ಬರುವ ಮುನ್ನ ಅವರಿಗೆ ತಿಳಿಸಿಡಿ. ಒಟಿಪಿ ಅವರ ಫೋನಿಗೇ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ಅದರ ಅವಧಿ ಮುಗಿಯುತ್ತದೆ. ನಾವು ಒಟಿಪಿ ಕೇಳುವುದು ನೀವು ಕೌಂಟರಿನ ಎದುರಿಗಿರುವಾಗ ಮಾತ್ರ. ನಮ್ಮ ಹೆಸರಿನಲ್ಲಿ ಫೋನ್ ಮಾಡಿ ಕೇಳುವವರಿಗೆ ಕೊಡಬೇಡಿ.

ಹೆಚ್ಚು ತೊಡಕಾಗುವುದು ಹುಟ್ಟಿದ ವರ್ಷದಲ್ಲಿ. ಹಳೆ ದಾಖಲೆಯನ್ನು ಆಭಾಗೆ ಜೋಡಿಸುವಾಗ ಹೆಸರು, ಲಿಂಗ, ಹುಟ್ಟಿದ ವರ್ಷ, ಮೊಬೈಲ್ ನಂಬರ್ ಇವನ್ನು ತಾಳೆ ನೋಡಲಾಗುತ್ತದೆ. ನಮ್ಮ ಕೇಸ್ ಕಾರ್ಡಿನಲ್ಲಿರುವುದು ನೀವು ಬಾಯಲ್ಲಿ ಹೇಳಿದ ವಯಸ್ಸು, ಆಧಾರ್‌ನಲ್ಲಿರುವುದು ಬೇರೆಯದೇ ಇರಬಹುದು. ಹೆಸರಿನ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ. ಹೀಗಾದರೆ ಒಬ್ಬರೇ ಇಬ್ಬರಾಗಿ ದಾಖಲಾಗುತ್ತಾರೆ. ಒಂದರಲ್ಲಿ ಬರೆದ ಪೆನಿಸಿಲಿನ್ ಅಲರ್ಜಿ ಇನ್ನೊಂದರಲ್ಲಿ ಕಾಣುವುದಿಲ್ಲ, ನಮಗೆ ನಿಜವಾಗಿ ಭಯವಿರುವುದು ಇದರದ್ದೇ. ಆದ್ದರಿಂದ ಮೊದಲ ಭೇಟಿಯಲ್ಲಿ ಹೆಸರು, ವರ್ಷಗಳನ್ನು ಆಧಾರ್ ನೋಡಿಕೊಂಡೇ ತಿದ್ದುತ್ತೇವೆ, ಅಲರ್ಜಿಯನ್ನು ಮತ್ತೊಮ್ಮೆ ಕೇಳುತ್ತೇವೆ. ಅದಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ, ಬೇಸರಿಸಬೇಡಿ.

ಜೋಡಿಸಿದ ಮೇಲೂ ದಾಖಲೆ ಇರುವುದು ನಮ್ಮಲ್ಲೇ. ನೀವು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋದಾಗ, ಅಲ್ಲಿನ ಆಸ್ಪತ್ರೆಯೂ ಆಭಾ ವ್ಯವಸ್ಥೆಗೆ ಸೇರಿದ್ದರೆ ನಿಮ್ಮ ಫೋನಿಗೆ ಒಪ್ಪಿಗೆ ಕೋರಿಕೆ ಬರುತ್ತದೆ. ಯಾವ ದಾಖಲೆ, ಯಾವ ಅವಧಿಯದ್ದು, ಎಷ್ಟು ದಿನದವರೆಗೆ ಎಂಬುದನ್ನು ಓದಿ ಒಪ್ಪಿ. ಕೊಟ್ಟ ಒಪ್ಪಿಗೆಯನ್ನು ಮುಂದೆ ಹಿಂಪಡೆಯಲೂಬಹುದು.

ಮನೆಯಲ್ಲಿರುವ ಹಳೆಯ ರಿಪೋರ್ಟುಗಳನ್ನು ತಂದರೆ ಸ್ಕ್ಯಾನ್ ಮಾಡಿ ಸೇರಿಸುತ್ತೇವೆ, ಶುಲ್ಕವಿಲ್ಲ. ಇಸಿಜಿಯನ್ನಂತೂ ಮೊದಲು ತನ್ನಿ. ಅದು ಥರ್ಮಲ್ ಕಾಗದ, ವರ್ಷಗಳು ಕಳೆದಂತೆ ಗೆರೆ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಇಡೀ ಹಾಳೆ ಕಪ್ಪಾಗುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟರೂ ಗೆರೆ ಬೇಗ ಮಸುಕಾಗುತ್ತದೆ. ಹಿಂದಿನ ಇಸಿಜಿ ಜೊತೆಗಿದ್ದರೆ ಎದೆನೋವೆಂದು ಬಂದ ದಿನ ಹೊಸ ಬದಲಾವಣೆ ಯಾವುದೆಂದು ವೈದ್ಯರಿಗೆ ಬೇಗ ತಿಳಿಯುತ್ತದೆ.

ಫೋನಿನಲ್ಲಿ ಸಲಹೆ ಕೇಳುವ ಸೌಲಭ್ಯವೂ ಶುರುವಾಗುತ್ತದೆ. ಸದ್ಯಕ್ಕೆ ಅದು, ಅದೇ ತೊಂದರೆಗೆ ಕಳೆದ 6 ತಿಂಗಳೊಳಗೆ ಇಲ್ಲಿಗೆ ಬಂದು ತೋರಿಸಿಕೊಂಡವರಿಗೆ ಮಾತ್ರ. ಆಲ್ಪ್ರಜೋಲಾಮ್‌ನಂಥ ನಿದ್ದೆ ಮಾತ್ರೆಗಳನ್ನು ಫೋನಿನಲ್ಲಿ ಬರೆದುಕೊಡಲು 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಲ್ಲಿ ಅವಕಾಶವಿಲ್ಲ. ದಯವಿಟ್ಟು ಒತ್ತಾಯಿಸಬೇಡಿ.

ಮಳೆಗಾಲದಲ್ಲಿ ಕರೆಂಟೋ ನೆಟ್ಟೋ ಹೋದ ದಿನ ಟೋಕನ್ ಪುಸ್ತಕದಲ್ಲೇ ಬರೆದು, ಸಂಜೆ ಕಂಪ್ಯೂಟರಿಗೆ ಏರಿಸುತ್ತೇವೆ. ಅಂದಿನ ಭೇಟಿ ಮರುದಿನ ಬೆಳಗಾದರೂ ನಿಮ್ಮ ಫೋನಿನ ಆಭಾ ಆಪ್‌ನಲ್ಲಿ ಕಾಣದಿದ್ದರೆ, ಟೋಕನ್ ಚೀಟಿ ಹಿಡಿದು ಕೌಂಟರಿಗೆ ಬನ್ನಿ.

ಇಂತಿ,
ಚಿಕಿತ್ಸಾಲಯದ ಆಡಳಿತ ಸಮಿತಿ